ಮಳೆ ಬಂದ ತಾರೀಖು ನೋಡಿ ರಾಗಿ ತಳಿ ಆರಿಸಿ, ಹಸಿ ನೋಡಿ ಗೊಬ್ಬರ ಹಾಕಿ

ನಮ್ಮದು ಚಿಂತಾಮಣಿ ತಾಲ್ಲೂಕು, ಕೈವಾರದ ಹತ್ತಿರ ಒಂದು ಹಳ್ಳಿ. ಎರಡೂಕಾಲು ಎಕರೆ ಕೆಂಪು ಮಣ್ಣಿನ ಹೊಲ. ಬೋರ್‌ವೆಲ್ ಇಲ್ಲ. ಮಳೆ ಬಂದರೆ ಬೆಳೆ. ಮನೆಯಲ್ಲಿ ಮೂರು ಸೀಮೆ ಹಸು ಇವೆ. ಪಕ್ಕದಲ್ಲೇ ಮೈದುನನ ಹಿಪ್ಪುನೇರಳೆ ತೋಟ, ಅವರ ಮನೆಯಲ್ಲಿ ರೇಷ್ಮೆ ಹುಳ ಸಾಕ್ತಾರೆ. ನಮ್ಮ ಯಜಮಾನರು ಬೆಂಗಳೂರಲ್ಲಿ ಕೆಲಸದಲ್ಲಿದ್ದಾರೆ. ಮಾವನವರು ತೀರಿಕೊಂಡು ಹನ್ನೊಂದು ವರ್ಷ ಆಯ್ತು. ಅವತ್ತಿಂದ ರಾಗಿ ಬಿತ್ತನೆ ಪೂರ್ತಿ ನನ್ನ ಕೈಯಲ್ಲಿದೆ.

ಮುಂಗಾರು ಶುರುವಾದರೆ ಸಾಕು, ಅಕ್ಕಪಕ್ಕದವರು ಎರಡು ಮಾತು ಕೇಳ್ತಾರೆ. "ಅಕ್ಕಾ, ಯಾವ ರಾಗಿ ಬಿತ್ತೋಣ? ಎಷ್ಟು ಗೊಬ್ಬರ ಹಾಕೋಣ?" ನಾನು ಮೊದಲು ಕೇಳೋದು, "ನಿಮ್ಮ ಹೊಲಕ್ಕೆ ಬಿತ್ತೋಕೆ ಸಾಕಾಗೋ ಹದ ಮಳೆ ಯಾವತ್ತು ಬಿತ್ತು?" ಅಂತ. ಅದು ಗೊತ್ತಾಗದೆ ತಳಿ ಹೇಳೋಕೆ ಆಗಲ್ಲ. ತಳಿ ಗೊತ್ತಾಗದೆ ಗೊಬ್ಬರ ಹೇಳೋಕೆ ಆಗಲ್ಲ.

ತಾರೀಖಿನ ಲೆಕ್ಕ

ನಮ್ಮ ಸೀಮೆಯಲ್ಲಿ ಮಳೆ ಜಾಸ್ತಿ ಬೀಳೋದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಉತ್ತರೆ, ಹಸ್ತ, ಚಿತ್ತೆ ಅಂತೀವಲ್ಲ, ಆ ದಿನಗಳು. ಜೂನ್, ಜುಲೈ ಮಳೆಯನ್ನ ನಂಬೋಕಾಗಲ್ಲ. ಬಂದರೆ ಬಂತು, ಇಲ್ಲದಿದ್ದರೆ ಮೂರು ವಾರ ಬರೀ ಮೋಡ. ರಾಗಿ ಪೈರು ಚಿಕ್ಕದಿದ್ದಾಗ ಎರಡು ವಾರ ಮಳೆ ಇಲ್ಲದಿದ್ದರೂ ಸುಧಾರಿಸಿಕೊಳ್ಳುತ್ತೆ. ತೆನೆ ಹೊರಡೋ ಹೊತ್ತಿಗೆ, ಕಾಳು ಕಟ್ಟೋ ಹೊತ್ತಿಗೆ ನೆಲದಲ್ಲಿ ಹಸಿ ಇಲ್ಲ ಅಂದರೆ ಆಮೇಲೆ ಏನು ಹಾಕಿದರೂ ಕಾಳು ತುಂಬಲ್ಲ. ಅದಕ್ಕೇ ನಮ್ಮ ಪ್ರಯತ್ನ ಎಲ್ಲ ಒಂದಕ್ಕೇ: ಪೈರು ತೆನೆ ಬಿಡೋ ದಿನ ಆ ಹಿಂಗಾರಿನ ಮಳೆಗೆ ಸರಿಯಾಗಿ ಸಿಗಬೇಕು.

ರಾಗಿ ಕುಯ್ಲಿಗೆ ಸುಮಾರು ಐದಾರು ವಾರ ಮೊದಲು ತೆನೆ ಹೊರಡುತ್ತೆ. ತಳಿಯ ಒಟ್ಟು ದಿನದಲ್ಲಿ ನಲವತ್ತು ಕಳೆದು, ಬಿತ್ತೋ ದಿನಕ್ಕೆ ಕೂಡಿಸಿ. ಅದೇ ತೆನೆ ಬರೋ ತಾರೀಖು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಯೇ ಬೀಜ ತರೋಕೆ ಹೋಗೋದು.

ಎಂಆರ್-6, ಎಂಆರ್-1 ದೀರ್ಘಾವಧಿ ತಳಿ, 120ರಿಂದ 125 ದಿನ ಬೇಕು. ಆರಿದ್ರ ಮಳೆಗೋ ಪುನರ್ವಸು ಮಳೆಗೋ, ಅಂದರೆ ಜೂನ್ ಕೊನೆಯಿಂದ ಜುಲೈ ಮಧ್ಯದೊಳಗೆ ಹದ ಸಿಕ್ಕಿದರೆ ಇವು ಬಿತ್ತಬಹುದು. ಜುಲೈ 1ಕ್ಕೆ ಬಿತ್ತಿದರೆ ಸೆಪ್ಟೆಂಬರ್ ಕೊನೆ ಹೊತ್ತಿಗೆ ತೆನೆ. ಒಳ್ಳೆ ಕಾಲ. ಹುಲ್ಲೂ ಎತ್ತರವಾಗಿ ಬರುತ್ತೆ. ಹಸು ಇರೋರಿಗೆ ಇದು ಸಣ್ಣ ಮಾತಲ್ಲ.

ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಆದರೆ ಜಿಪಿಯು-28 ಅಥವಾ ಎಂಎಲ್-365. ಇವು 105ರಿಂದ 115 ದಿನದ ಬೆಳೆ. ನಮ್ಮ ಕಡೆ ಹೆಚ್ಚಿನ ವರ್ಷ ಬಿತ್ತನೆ ಆಗೋದೇ ಈ ಹೊತ್ತಲ್ಲಿ. ಹಾಗಾಗಿ ನನ್ನ ಹೊಲದಲ್ಲಿ ಜಾಸ್ತಿ ಕಾಣೋದು ಜಿಪಿಯು-28. ತೆನೆಯ ಕುತ್ತಿಗೆ ಕಪ್ಪಾಗಿಸೋ ಬೆಂಕಿ ರೋಗವನ್ನ ಚೆನ್ನಾಗಿ ತಡೆಯುತ್ತೆ. ಎಂಎಲ್-365 ಮಳೆ ಕೈಕೊಟ್ಟಾಗ ಸ್ವಲ್ಪ ಹೆಚ್ಚು ತಾಳುತ್ತೆ, ಮುದ್ದೆಗೂ ಚೆನ್ನ.

ಆಗಸ್ಟ್ 15 ದಾಟಿತು ಅಂದರೆ ಅಲ್ಪಾವಧಿ ತಳಿಗೇ ಹೋಗಿ. ಜಿಪಿಯು-48, ಕೆಎಂಆರ್-204 ಇವು ಹೆಚ್ಚು ಕಡಿಮೆ ನೂರು ದಿನಕ್ಕೆ ಬರುತ್ತವೆ. ಇಳುವರಿ ಸ್ವಲ್ಪ ಕಡಿಮೆ, ಹುಲ್ಲೂ ಕಡಿಮೆ. ಆದರೆ ತಡವಾಗಿ ಬಿತ್ತಿದ ದೀರ್ಘಾವಧಿ ರಾಗಿಗಿಂತ ಇವೇ ಮನೆಗೆ ಜಾಸ್ತಿ ಕಾಳು ತರೋದು. ಇದನ್ನ ನಾನು ನಷ್ಟ ಮಾಡಿಕೊಂಡು ಕಲಿತೆ.

ಆ ವರ್ಷ ಮಖೆ ಮಳೆಗೆ ಹದ ಸಿಕ್ಕಿತ್ತು. ಆಗಸ್ಟ್ 22. ಅಂಗಡಿಯಲ್ಲಿ ಕೇಳಿದ್ದು ಅಲ್ಪಾವಧಿ ತಳಿ. ಬಿಡಿ ಚೀಲದಲ್ಲಿ ಅಳೆದು ಕೊಟ್ಟರು, ನಾನೂ ಸುಮ್ನೆ ತಂದು ಬಿತ್ತಿದೆ. ಅಕ್ಟೋಬರ್ ಕೊನೆಗೆ ಪಕ್ಕದ ಹೊಲದಲ್ಲಿ ತೆನೆ ಬಾಗುತ್ತಿದೆ, ನನ್ನದು ಇನ್ನೂ ಗರಿ ಬಿಡುತ್ತಿದೆ. ಅಂಗಡಿಯವರು ಕೊಟ್ಟಿದ್ದು ದೀರ್ಘಾವಧಿ ಬೀಜ. ಪೈರು ನೋಡಿದವರೆಲ್ಲ "ಏನು ಚೆನ್ನಾಗಿದೆ" ಅಂದರು. ತೆನೆ ಹೊರಟಿದ್ದು ನವೆಂಬರ್ ಮಧ್ಯಕ್ಕೆ. ಆಗ ಮಳೆ ನಿಂತು ಚಳಿ ಗಾಳಿ ಬೀಸ್ತಿತ್ತು. ಒಂದು ತೆನೆ ಕಿತ್ತು ಅಂಗೈಲಿಟ್ಟು ಉಜ್ಜಿದೆ. ಹೊಟ್ಟು ಹಾರಿತು, ಕೈಯಲ್ಲಿ ಉಳಿದಿದ್ದು ಸೊರಗಿದ ಹತ್ತಿಪ್ಪತ್ತು ಕಾಳು. ಅವತ್ತು ಮೆದೆಯಷ್ಟು ಹುಲ್ಲು ಸಿಕ್ಕಿತು. ಕಾಳು ವರ್ಷದ ಮುದ್ದೆಗೂ ಸಾಲಲಿಲ್ಲ.

ಅವತ್ತಿಂದ ಬಿಡಿ ಬೀಜ ತರೋದೇ ಇಲ್ಲ. ರೈತ ಸಂಪರ್ಕ ಕೇಂದ್ರದಲ್ಲೋ, ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಿ ಚೀಟಿ ಇರೋ ಚೀಲ ತರುತ್ತೇನೆ. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ ಇರುತ್ತೆ. ಅದರ ಮೇಲೆ ತಳಿ ಹೆಸರು, ಮೊಳಕೆ ಪ್ರಮಾಣ, ಪರೀಕ್ಷೆ ಮಾಡಿದ ತಾರೀಖು ಬರೆದಿರುತ್ತಾರೆ. ಓದಿ ನೋಡಿ. ಚೀಟಿ ಮತ್ತು ರಸೀದಿ ಕುಯ್ಲು ಮುಗಿಯೋವರೆಗೂ ಎತ್ತಿಡಿ.

ತಳಿ ಅಂದರೆ ಯಾಕೆ ಇಷ್ಟು ವ್ಯತ್ಯಾಸ

ಹಳೇ ಮನೆ ರಾಗಿ ರುಚಿ ಚೆನ್ನ, ನಾನು ಇಲ್ಲ ಅನ್ನಲ್ಲ. ಆದರೆ ಕಡ್ಡಿ ಉದ್ದ, ತೆಳು. ಗೊಬ್ಬರ ಹಾಕಿದರೆ ಬರೀ ಎತ್ತರ ಬೆಳೆದು ಒಂದು ಗಾಳಿ ಮಳೆಗೆ ಮಲಗಿಬಿಡುತ್ತೆ. ಗೊಬ್ಬರವನ್ನ ಕಾಳಾಗಿ ತಿರುಗಿಸೋ ಶಕ್ತಿ ತಳಿಯಲ್ಲಿರಬೇಕು. ಮಂಡ್ಯದ ವಿ.ಸಿ. ಫಾರಂ ಅನ್ನೋ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಸೇರಿಸಿ ಇಂಡಾಫ್ ತಳಿಗಳನ್ನ ಮಾಡಿದರು. ಇಂಡಿಯಾ, ಆಫ್ರಿಕಾ ಎರಡೂ ಸೇರಿ ಇಂಡಾಫ್. ಜನ ಅವರನ್ನ ರಾಗಿ ಬ್ರಹ್ಮ ಅಂತಲೇ ಕರೀತಾರೆ. ಮಾವನವರು ಇಂಡಾಫ್ ಬೀಜ ಮೊದಲ ಸಲ ಬಿತ್ತಿದ ವರ್ಷದ ಕಣದ ಸುದ್ದಿ ಕೊನೇವರೆಗೂ ಹೇಳ್ತಿದ್ದರು. ಇವತ್ತಿನ ಜಿಪಿಯು-28ರ ವಂಶದಲ್ಲೂ ಇಂಡಾಫ್-5 ಇದೆ. ಅದರ ಮೇಲೆ ರೋಗ ತಡೆಯೋ ಗುಣ ಸೇರಿದೆ.

ಇದನ್ನ ನಿಮ್ಮ ಹೊಲದಲ್ಲೇ ನೋಡಬಹುದು. ನಾನು ಒಂದು ವರ್ಷ ಒಂದು ಎಕರೆಯನ್ನ ಹತ್ತು ಹತ್ತು ಗುಂಟೆಯ ನಾಲ್ಕು ಪಟ್ಟಿ ಮಾಡಿದೆ. ನಾಲ್ಕಕ್ಕೂ ಒಂದೇ ಸಮ ತಿಪ್ಪೆ ಗೊಬ್ಬರ, ಒಂದೇ ದಿನ ಬಿತ್ತನೆ. ಎರಡು ಪಟ್ಟಿಗೆ ಮನೆ ಬೀಜ, ಎರಡಕ್ಕೆ ಜಿಪಿಯು-28. ಎರಡರಲ್ಲೂ ಒಂದಕ್ಕೆ ಅಂಗಡಿ ಗೊಬ್ಬರ ಹಾಕಿದೆ, ಇನ್ನೊಂದಕ್ಕೆ ಇಲ್ಲ. ಕಣದಲ್ಲಿ ಬೇರೆ ಬೇರೆ ಬಡಿದು ಐವತ್ತು ಕೆಜಿ ಮೂಟೆಗೆ ತುಂಬಿದೆ. ಮನೆ ಬೀಜ ಗೊಬ್ಬರ ಇಲ್ಲದ್ದು ಮೂರು ಮೂಟೆ. ಮನೆ ಬೀಜಕ್ಕೆ ಗೊಬ್ಬರ ಹಾಕಿದ್ದು ಮಲಗಿತ್ತು, ನಾಲ್ಕು ಮೂಟೆ ತುಂಬಲಿಲ್ಲ. ಜಿಪಿಯು-28 ಗೊಬ್ಬರ ಇಲ್ಲದೆ ನಾಲ್ಕು ಮೂಟೆ. ಗೊಬ್ಬರ ಹಾಕಿದ್ದು ಆರು ಮೂಟೆ. ಅದೇ ಗೊಬ್ಬರ, ಅದೇ ದುಡ್ಡು. ಒಂದು ಕಡೆ ಮುಕ್ಕಾಲು ಮೂಟೆ ಕೊಟ್ಟಿತು, ಇನ್ನೊಂದು ಕಡೆ ಎರಡು ಮೂಟೆ ಕೊಟ್ಟಿತು.

ಇದು ಒಂದು ಹೊಲದ ಒಂದು ವರ್ಷದ ಲೆಕ್ಕ ಅಷ್ಟೇ. ನಿಮ್ಮ ಮಣ್ಣು ಬೇರೆ, ಮಳೆ ಬೇರೆ. ನಾಲ್ಕು ಪಟ್ಟಿ ಆಗದಿದ್ದರೆ ಎರಡಾದರೂ ಮಾಡಿ. ಬದುವಿನ ಹತ್ತಿರ, ಮರದ ನೆರಳಲ್ಲಿ ಪಟ್ಟಿ ಮಾಡಬೇಡಿ. ಕುಯ್ಯೋವಾಗ ತೆನೆ ಬೆರೆಸಬೇಡಿ. ಮನೆಯವರು ಅವಸರ ಮಾಡ್ತಾರೆ, ಆದರೂ ಬೇರೆ ಬೇರೆ ಬಡಿಯಿರಿ.

ತಿಪ್ಪೆ ಮೊದಲು

ಬೆಂಗಳೂರಿನ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದಲ್ಲಿ 1978ರಿಂದ ಒಂದೇ ಜಾಗದಲ್ಲಿ ಮಳೆ ಆಶ್ರಯದ ರಾಗಿ ಬೆಳೆದು ನೋಡ್ತಾ ಬಂದಿದ್ದಾರೆ. ಒಂದು ಕಡೆ ಏನೂ ಹಾಕಲ್ಲ. ಒಂದು ಕಡೆ ಬರೀ ರಾಸಾಯನಿಕ. ಒಂದು ಕಡೆ ಕೊಟ್ಟಿಗೆ ಗೊಬ್ಬರ, ರಾಸಾಯನಿಕ ಎರಡೂ. ಏನೂ ಹಾಕದ ಕಡೆ ಇಳುವರಿ ಪಾತಾಳಕ್ಕೆ ಹೋಯ್ತು. ಬರೀ ರಾಸಾಯನಿಕ ಹಾಕಿದ್ದು ವರ್ಷ ಕಳೆದಂತೆ ಸೋತಿತು. ಎರಡೂ ಸೇರಿಸಿದ ಕಡೆಯೇ ಇಳುವರಿ ಮೇಲೆ ನಿಂತಿತು. ನಮ್ಮ ಕೆಂಪು ಮಣ್ಣು ನೀರು ಹಿಡಿಯೋದು ಕಡಿಮೆ. ತಿಪ್ಪೆ ಗೊಬ್ಬರ ಹಾಕಿದ ಕಡೆ ಮಳೆ ನಿಂತ ಮೇಲೂ ನಾಲ್ಕು ದಿನ ಜಾಸ್ತಿ ಹಸಿ ಇರುತ್ತೆ. ಬೇಕಾದರೆ ಬರಿಗಾಲಲ್ಲಿ ನಡೆದು ನೋಡಿ, ಕಾಲಿಗೇ ತಿಳಿಯುತ್ತೆ.

ಎಕರೆಗೆ ಮೂರು ಟನ್ ಬೇಕು. ನಮ್ಮೂರಿನ ಟ್ರ್ಯಾಕ್ಟರಿನಲ್ಲಿ ಒಂದೂವರೆ ಲೋಡು. ಗೊಬ್ಬರ ಕೊಳೆತಿದೆಯಾ ಅಂತ ತಿಳಿಯೋಕೆ ತಿಪ್ಪೆ ಒಳಗೆ ಮೊಣಕೈವರೆಗೂ ಕೈ ಹಾಕಿ. ಬಿಸಿ ಹತ್ತಿದರೆ ಇನ್ನೂ ಆಗಿಲ್ಲ. ತಣ್ಣಗಿದ್ದು, ಹಿಡಿ ಮಣ್ಣಿನ ವಾಸನೆ ಬಂದು, ಹುಲ್ಲಿನ ಕಡ್ಡಿ ಎಳೆದರೆ ಪುಡಿಯಾದರೆ ಸರಿ. ಮೈದುನನ ಮನೆಯಿಂದ ಹುಳದ ಹಿಕ್ಕೆ, ತಿಂದು ಬಿಟ್ಟ ಸೊಪ್ಪು, ಕಡ್ಡಿ ಎಲ್ಲ ನಮ್ಮ ತಿಪ್ಪೆಗೇ ಬರುತ್ತೆ. ಸಗಣಿ ಜೊತೆ ಅದು ಬೇಗ ಕೊಳೆಯುತ್ತೆ. ರೇಷ್ಮೆ ಇರೋ ಊರಿನವರು ಇದನ್ನ ಬಿಡಬೇಡಿ.

ಬಿತ್ತೋಕೆ ಎರಡು ಮೂರು ವಾರ ಮೊದಲು ಹೊಲಕ್ಕೆ ಹೊಡೆದು, ಹರಡಿದ ದಿನವೇ ಉಳುಮೆ ಮಾಡಿ ಮಣ್ಣಿಗೆ ಸೇರಿಸಿ. ಗುಡ್ಡೆ ಗುಡ್ಡೆ ಹಾಕಿ ಹದಿನೈದು ದಿನ ಬಿಸಿಲಿಗೆ ಬಿಟ್ಟರೆ ಅದರಲ್ಲಿರೋ ಸಾರಜನಕ ಗಾಳಿಗೆ ಹೋಗುತ್ತೆ.

ಚೀಲದ ಗೊಬ್ಬರ ಎಷ್ಟು

ಮಳೆ ಆಶ್ರಯದ ರಾಗಿಗೆ ಹೆಕ್ಟೇರಿಗೆ 50 ಕೆಜಿ ಸಾರಜನಕ, 40 ಕೆಜಿ ರಂಜಕ, 25 ಕೆಜಿ ಪೊಟ್ಯಾಷ್ ಅಂತ ನಾನು ಇಟ್ಟುಕೊಂಡಿರೋ ಲೆಕ್ಕ. ಎಕರೆಗೆ ಇಳಿಸಿದರೆ 20, 16, 10. ಈ ಅಂಕಿ ಪೋಷಕಾಂಶದ್ದು, ಚೀಲದ ತೂಕ ಅಲ್ಲ. ಇಲ್ಲೇ ಎಲ್ಲರೂ ಎಡವೋದು.

ಡಿಎಪಿಯಲ್ಲಿ ನೂರಕ್ಕೆ 18 ಸಾರಜನಕ, 46 ರಂಜಕ. ಯೂರಿಯಾದಲ್ಲಿ 46 ಸಾರಜನಕ. ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನಲ್ಲಿ 60 ಪೊಟ್ಯಾಷ್. ಹಾಗಾಗಿ ಎಕರೆಗೆ ಡಿಎಪಿ 35 ಕೆಜಿ ಹಾಕಿದರೆ ರಂಜಕ ಪೂರ್ತಿ ಬಂತು, ಜೊತೆಗೆ ಆರು ಕೆಜಿ ಸಾರಜನಕವೂ ಬಂತು. ಉಳಿದ ಸಾರಜನಕಕ್ಕೆ ಯೂರಿಯಾ 30 ಕೆಜಿ. ಪೊಟ್ಯಾಷ್ 17 ಕೆಜಿ.

ಡಿಎಪಿ ಸಿಗದ ವರ್ಷ ತಲೆ ಕೆಡಿಸಿಕೊಳ್ಳಬೇಡಿ. ಸೂಪರ್ ಫಾಸ್ಫೇಟ್‌ನಲ್ಲಿ ನೂರಕ್ಕೆ 16 ರಂಜಕ ಇದೆ. 50 ಕೆಜಿಯ ಎರಡು ಮೂಟೆ ಸೂಪರ್, 45 ಕೆಜಿಯ ಒಂದು ಮೂಟೆ ಯೂರಿಯಾ, 17 ಕೆಜಿ ಪೊಟ್ಯಾಷ್. ಎಕರೆ ಲೆಕ್ಕ ಮುಗಿಯಿತು. ಸೂಪರ್‌ನಲ್ಲಿ ಗಂಧಕವೂ ಇರುತ್ತೆ. ನನಗೆ ಈ ಲೆಕ್ಕವೇ ಸಲೀಸು. ಡಿಎಪಿಗೆ ಸಾಲಲ್ಲಿ ನಿಲ್ಲೋದೂ ತಪ್ಪುತ್ತೆ.

ಪೊಟ್ಯಾಷ್ ಬೇಡ ಅನ್ನೋರು ನಮ್ಮೂರಲ್ಲಿ ತುಂಬಾ ಇದ್ದಾರೆ. ಹಾಕಿದರೆ ಪೈರು ಹಸಿರಾಗಲ್ಲ, ಕಣ್ಣಿಗೆ ಕಾಣಲ್ಲ, ಅದಕ್ಕೆ. ಆದರೆ ಕಡ್ಡಿ ಗಟ್ಟಿಯಾಗೋಕೆ, ಮಳೆ ಇಲ್ಲದ ದಿನ ತಡಕೊಳ್ಳೋಕೆ ಅದು ಬೇಕು. ಪೈರು ಎಳೆದುಕೊಂಡ ಪೊಟ್ಯಾಷ್ ಹೆಚ್ಚು ಪಾಲು ಹುಲ್ಲಿನಲ್ಲೇ ಉಳಿಯುತ್ತೆ. ಹುಲ್ಲು ಮಾರಿದರೆ ಹೊಲದ ಪೊಟ್ಯಾಷೂ ಅದರ ಜೊತೆ ಹೋಯ್ತು ಅಂತಲೇ ಲೆಕ್ಕ. ಹುಲ್ಲು ನಿಮ್ಮ ಹಸುವೇ ತಿಂದು ಸಗಣಿ, ಗಂಜಲ ತಿಪ್ಪೆಗೆ ಬಂದರೆ ಸ್ವಲ್ಪ ವಾಪಸ್ ಬರುತ್ತೆ. ಅದಕ್ಕೇ ಕೊಟ್ಟಿಗೆಯ ಗಂಜಲ ಚರಂಡಿಗೆ ಬಿಡಬೇಡಿ.

ಮಣ್ಣು ಪರೀಕ್ಷೆ ಮಾಡಿಸಿದ್ದರೆ ಆ ಚೀಟಿ ಪ್ರಕಾರ ಹೋಗಿ. ಹೊಲದ ಎಂಟು ಹತ್ತು ಕಡೆ ಆರು ಇಂಚು ಆಳದ ಗುಳಿ ತೋಡಿ, ಪಕ್ಕದ ಗೋಡೆಯಿಂದ ಮಣ್ಣು ಕೆರೆದು ಬೆರೆಸಿ, ಅರ್ಧ ಕೆಜಿ ಕೊಡಬೇಕು. ತಿಪ್ಪೆ ಇದ್ದ ಜಾಗದ ಮಣ್ಣು ಬೇಡ. ಸತು ಕಡಿಮೆ ಅಂತ ಬಂದರೆ ಎಕರೆಗೆ 5 ಕೆಜಿ ಸತುವಿನ ಸಲ್ಫೇಟ್. ಅದನ್ನ ಡಿಎಪಿ ಜೊತೆ ಬೆರೆಸಬೇಡಿ, ಎರಡೂ ಒಂದಕ್ಕೊಂದು ಕಟ್ಟಿಕೊಂಡು ಬೇರಿಗೆ ಸಿಗಲ್ಲ. ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಬೇರೆ ದಿನ ಹಾಕಿ.

ಯಾವಾಗ, ಹೇಗೆ ಹಾಕೋದು

ಮಾವನವರು ಮಳೆ ನಿಂತ ಮಾರನೇ ದಿನ ಬೆಳಗ್ಗೆ ಕೇಳ್ತಿದ್ದ ಮೊದಲ ಮಾತು, "ಏನಮ್ಮಾ, ಹಸಿ ಎಷ್ಟು ಇಳಿದಿದೆ ನೋಡಿದೆಯಾ?" ಗುದ್ದಲಿಯಿಂದ ತೋಡಿ ನೋಡಬೇಕು. ಒಂದು ಗೇಣು ನೆಂದಿರಬೇಕು. ಆ ಮಣ್ಣು ಹಿಡಿ ತುಂಬ ತಗೊಂಡು ಅದುಮಿದರೆ ಉಂಡೆ ಆಗಬೇಕು, ಸೊಂಟದ ಎತ್ತರದಿಂದ ಬಿಟ್ಟರೆ ಒಡೆಯಬೇಕು. ಉಂಡೆ ಆಗದಿದ್ದರೆ ಹಸಿ ಸಾಲದು. ಬಿದ್ದರೂ ಒಡೆಯದಿದ್ದರೆ ಇನ್ನೂ ಒಂದು ದಿನ ಕಾಯಬೇಕು.

ಬಿತ್ತನೆ ದಿನ ಸೂಪರ್ ಅಥವಾ ಡಿಎಪಿ ಪೂರ್ತಿ, ಪೊಟ್ಯಾಷ್ ಪೂರ್ತಿ, ಸಾರಜನಕ ಅರ್ಧ. ಡಿಎಪಿ ಹಾಕಿದರೆ ಅವತ್ತು ಯೂರಿಯಾ 8 ಕೆಜಿ ಸಾಕು. ಸೂಪರ್ ಆದರೆ 22 ಕೆಜಿ. ಮೇಲೆ ಎರಚಬೇಡಿ. ಎರಚಿದ ಗೊಬ್ಬರ ಕಳೆಗೂ ಊಟ ಆಗುತ್ತೆ, ರಂಜಕ ಮೇಲ್ಮಣ್ಣಲ್ಲೇ ಕೂತುಬಿಡುತ್ತೆ. ಕೂರಿಗೆಯಲ್ಲಿ ಸಾಲಿಗೆ ಬಿಡಿ. ಮೊದಲು ಗೊಬ್ಬರದ ಸಾಲು, ಅದರ ಪಕ್ಕ ಸ್ವಲ್ಪ ಮೇಲೆ ಬೀಜ. ರಾಗಿ ಕಾಳು ಎಷ್ಟು ಸಣ್ಣದು ನೋಡಿ, ಯೂರಿಯಾ ತಾಗಿದರೆ ಮೊಳಕೆ ಸುಟ್ಟುಹೋಗುತ್ತೆ. ಬೀಜ ಒಂದೂವರೆ ಇಂಚಿಗಿಂತ ಕೆಳಗೆ ಹೋಗಬಾರದು. ಸಾಲಿನಿಂದ ಸಾಲಿಗೆ ಒಂದು ಅಡಿ. ಎಕರೆಗೆ ನಾಲ್ಕೈದು ಕೆಜಿ ಬೀಜ. ಜರಡಿ ಹಿಡಿದ ಗೊಬ್ಬರದ ಪುಡಿ ಜೊತೆ ಬೀಜ ಬೆರೆಸಿದರೆ ಕೈಯಲ್ಲಿ ಸಮನಾಗಿ ಬಿಡೋಕೆ ಸುಲಭ.

ಬೀಜ ಗಟ್ಟಿ ಮಾಡೋದನ್ನ ಮರೀಬೇಡಿ, ಖರ್ಚೇ ಇಲ್ಲ. ಕೆಜಿ ಬೀಜಕ್ಕೆ ಒಂದು ಲೀಟರ್ ನೀರು, ಆರು ಗಂಟೆ ನೆನೆಸಿ. ಬಸಿದು ಒದ್ದೆ ಬಟ್ಟೆಯಲ್ಲಿ ಎರಡು ದಿನ ಕಟ್ಟಿಡಿ. ಮೊಳಕೆ ಬಿಳಿ ಚುಕ್ಕೆ ಹಾಗೆ ಕಂಡ ಕೂಡಲೇ ಬಿಚ್ಚಿ ನೆರಳಲ್ಲಿ ಎರಡು ದಿನ ಒಣಗಿಸಿ. ಇಂಥ ಬೀಜದ ಪೈರು ಶುರುವಿನ ಒಣ ದಿನಗಳನ್ನ ಚೆನ್ನಾಗಿ ತಡಕೊಳ್ಳುತ್ತೆ.

ಉಳಿದ 22 ಕೆಜಿ ಯೂರಿಯಾ ಮೇಲುಗೊಬ್ಬರ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ. ಪುಸ್ತಕದಲ್ಲಿ ಮೂವತ್ತು ದಿನಕ್ಕೆ ಅಂತ ಇರುತ್ತೆ. ಒಂದು ವರ್ಷ ನಾನು ಸರಿಯಾಗಿ ಮೂವತ್ತನೇ ದಿನ ಒಣ ನೆಲಕ್ಕೆ ಹಾಕಿದೆ, ನಾಳೆ ಮಳೆ ಬರುತ್ತೆ ಅನ್ನೋ ನಂಬಿಕೆ. ಹದಿನೆಂಟು ದಿನ ಮಳೆ ಬರಲಿಲ್ಲ. ಸಾಲಿನ ಮಧ್ಯೆ ಬಿಳಿ ಕಾಳು ಎರಡು ದಿನ ಕಾಣ್ತಿತ್ತು. ಇಬ್ಬನಿಗೆ ಕರಗಿತು, ಬಿಸಿಲಿಗೆ ಹೋಯ್ತು. ಆಮೇಲೆ ಮಳೆ ಬಂದಾಗ ಪೈರು ಹಳದಿಯಾಗೇ ಇತ್ತು. ಚೀಲದಲ್ಲಿ ಉಳಿದಿದ್ದರೆ ಅವತ್ತು ಹಾಕಬಹುದಿತ್ತು.

ಈಗ ಹೀಗೆ ಮಾಡ್ತೀನಿ. ಹದಿನೈದು ಇಪ್ಪತ್ತು ದಿನಕ್ಕೆ ಹೆಚ್ಚು ಪೈರು ತೆಗೆದು, ಗಿಡದಿಂದ ಗಿಡಕ್ಕೆ ನಾಲ್ಕು ಬೆರಳು ಅಗಲ ಬಿಡೋದು. ಎಡೆಕುಂಟೆ ಹೊಡೆದು ಕಳೆ ತೆಗೆಯೋದು. ಆಮೇಲೆ ಮಳೆ ಕಾಯೋದು. ಇಪ್ಪತ್ತೈದರಿಂದ ನಲವತ್ತು ದಿನದೊಳಗೆ ಯಾವತ್ತು ನೆಲ ನೆನೆಯುತ್ತೋ ಅದರ ಮಾರನೇ ದಿನ, ಎಲೆ ಮೇಲಿನ ನೀರು ಆರಿದ ಮೇಲೆ, ಸಾಲಿನ ಪಕ್ಕ ಯೂರಿಯಾ ಹಾಕಿ ಕುಂಟೆ ಹೊಡೆದು ಮುಚ್ಚೋದು. ಅಲ್ಪಾವಧಿ ತಳಿಗೆ ಸ್ವಲ್ಪ ಬೇಗ, ಇಪ್ಪತ್ತು ಇಪ್ಪತ್ತೈದು ದಿನಕ್ಕೆ, ಯಾಕಂದರೆ ಅದು ತೆಂಡೆ ಹೊಡೆಯೋ, ಅಂದರೆ ಬುಡದಲ್ಲಿ ಮರಿ ಒಡೆಯೋ ಕಾಲ ಚಿಕ್ಕದು. ನಲವತ್ತೈದು ದಿನವಾದರೂ ಮಳೆ ಇಲ್ಲ ಅಂದರೆ ಹಾಕೋದೇ ಇಲ್ಲ. ಚೀಲ ಕಟ್ಟಿ ಒಣ ಜಾಗದಲ್ಲಿ ಇಡ್ತೀನಿ.

ಮಳೆ ಚೆನ್ನಾಗಿದೆ ಅಂತ ಇನ್ನೊಂದು ಮೂಟೆ ಯೂರಿಯಾ ಹಾಕೋ ಆಸೆ ಬರುತ್ತೆ. ದಯವಿಟ್ಟು ಬೇಡ. ಪೈರು ಕಪ್ಪು ಹಸಿರಾಗಿ ಸೊಂಪಾಗುತ್ತೆ, ಮೋಡ ಮುಚ್ಚಿದ ವಾರದಲ್ಲಿ ಬೆಂಕಿ ರೋಗ ಹತ್ತುತ್ತೆ. ತೆನೆ ಕೆಳಗಿನ ಕುತ್ತಿಗೆ ಒಂದೆರಡು ಇಂಚು ಕಪ್ಪಾಗುತ್ತೆ. ಅಲ್ಲಿಂದ ಮೇಲಕ್ಕೆ ಏನೂ ಹತ್ತಲ್ಲ. ತೆನೆ ಬೆಳ್ಳಗೆ ನಿಂತಿರುತ್ತೆ, ಮುಟ್ಟಿದರೆ ಹಗುರ. ಜಿಪಿಯು-28ರಲ್ಲಿ ಇದು ಕಡಿಮೆ, ಹಳೇ ತಳಿಗಳಲ್ಲಿ ತುಂಬಾ.

ಅಕ್ಕಡಿ ಸಾಲು ಬಿಡಬೇಡಿ. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ, ಅಥವಾ ಎರಡು ಸಾಲು ತೊಗರಿ. ಗಾಳಿಯಲ್ಲಿರೋ ಸಾರಜನಕವನ್ನ ಅವುಗಳ ಬೇರು ಹಿಡಿಯುತ್ತೆ, ಉದುರಿದ ಎಲೆ ಮಣ್ಣಿಗೆ ಸೇರುತ್ತೆ. ರಾಗಿ ಕುಯ್ದ ಮೇಲೂ ಅವರೆ ಇಬ್ಬನಿಯಲ್ಲಿ ನಿಂತಿರುತ್ತೆ. ಡಿಸೆಂಬರಿನಲ್ಲಿ ಸೊಗಡಿನ ಕಾಯಿ ಸಿಗುತ್ತೆ. ನಾನು ಹುಚ್ಚೆಳ್ಳು ನಾಲ್ಕು ಸಾಲೂ ಹಾಕ್ತೀನಿ, ಜೇನು ಬರಲಿ ಅಂತ.

ಬೀಜ ಪ್ರತಿ ವರ್ಷ ಕೊಳ್ಳಬೇಕಿಲ್ಲ. ರಾಗಿ ತನ್ನ ಹೂವಿಗೆ ತಾನೇ ಕಟ್ಟೋ ಬೆಳೆ, ತಳಿ ಬೇಗ ಕೆಡಲ್ಲ. ಒಮ್ಮೆ ತಂದ ಪ್ರಮಾಣಿತ ಬೀಜ ಮೂರು ವರ್ಷ ನಡೆಯುತ್ತೆ. ಕುಯ್ಲಿಗೆ ಮೊದಲು ಹೊಲದ ನಡುವೆ ನಡೆದು, ಒಂದೇ ಎತ್ತರದ, ಇಲುಕು (ತೆನೆಯ ಬೆರಳು) ತುಂಬಿದ, ಕುತ್ತಿಗೆ ಶುದ್ಧವಾಗಿರೋ ತೆನೆ ಆರಿಸಿ ಕುಯ್ದುಕೊಳ್ಳಿ. ಬೇರೆ ಜಾತಿ ತೆನೆ ಕಂಡರೆ ಅದನ್ನ ತಿನ್ನೋ ರಾಗಿಗೆ ಹಾಕಿ. ಬೀಜದ ತೆನೆಯನ್ನ ಟ್ರ್ಯಾಕ್ಟರ್ ಹತ್ತಿಸಿ ತುಳಿಸಬೇಡಿ, ಕೋಲಲ್ಲಿ ಬಡಿಯಿರಿ, ಕಾಳು ಒಡೆಯಲ್ಲ. ಎರಡು ಮೂರು ಬಿಸಿಲು ಒಣಗಿಸಿ, ಬೇವಿನ ಒಣ ಸೊಪ್ಪು ಬೆರೆಸಿ, ಬಟ್ಟೆ ಚೀಲಕ್ಕೆ ತುಂಬಿ. ಒಳಗೆ ಒಂದು ಚೀಟಿಯಲ್ಲಿ ತಳಿ ಹೆಸರು, ವರ್ಷ, ಬಿತ್ತಿದ ತಾರೀಖು ಬರೆದು ಹಾಕಿ, ಅಟ್ಟದ ತೊಲೆಗೆ ನೇತು ಹಾಕಿ.